ಜೆಸ್ ಫಿಶ್‌ಲಾಕ್: ವೇಲ್ಸ್ ದೇಶದ ಒಬ್ಬ ಕಾಲ್ಚೆಂಡು ಆಟಗಾರ್ತಿ

ಕ್ರೀಡಾಪಟುವಿನ ಹಿರಿಮೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಗೆದ್ದ ಕಪ್ಪುಗಳನ್ನು ಎಣಿಸುತ್ತೇವೆ. ಈ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಅಪೂರ್ಣವಾದುದು. ಇದಕ್ಕೆ ನಿದರ್ಶನವಾಗಿ ವೇಲ್ಸ್ ದೇಶದ ಜೆಸ್ ಫಿಶ್‌ಲಾಕ್ ಎಂಬ ಆಟಗಾರ್ತಿಯ ಬಾಳನ್ನು ವಾಚಕರ ಮುಂದಿಡಲು ಬಯಸಿದ್ದೇನೆ. ತನ್ನ ದೇಶಕ್ಕಾಗಿ ಹತ್ತೊಂಬತ್ತು ವರ್ಷ ಆಡಿದ ಈಕೆಗೆ ವಿಶ್ವಕಪ್ ಪಂದ್ಯಾವಳಿಯಲ್ಲಿ ಆಡುವ ಯೋಗ ಒಮ್ಮೆಯೂ ಒದಗಲಿಲ್ಲ. ಯುರೋಪ್ ಖಂಡದ ಪಂದ್ಯಾವಳಿಯಲ್ಲಿ ಒಮ್ಮೆ ಆಡಿದಾಗ ವೇಲ್ಸ್ ಮೂರು ಪಂದ್ಯಗಳನ್ನೂ ಸೋತಿತು. ಆದರೂ ಆ ದೇಶದ ಶ್ರೇಷ್ಠ ಆಟಗಾರರನ್ನು ಹೆಸರಿಸುವಾಗ ಈಕೆಯನ್ನು ಬಿಡುವಂತಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕಾಲ್ಚೆಂಡಾಟವನ್ನು ಕೈಗೆತ್ತಿಕೊಂಡರು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ನಡೆದ ಮಹಿಳೆಯರ ಪಂದ್ಯವೊಂದನ್ನು ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ, ಅಂದರೆ 1921ರ ಡಿಸೆಂಬರ್ 5ರಂದು, ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಸಾರಿ ಇಂಗ್ಲೆಂಡಿನ ಕಾಲ್ಚೆಂಡು ಸಂಘವು ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. 1922ರಲ್ಲಿ ವೇಲ್ಸ್‌ನ ಸಂಘವೂ ಅದೇ ಹಾದಿ ಹಿಡಿಯಿತು. 1970ರ ಸುಮಾರಿಗೆ ಈ ನಿಷೇಧಗಳು ತೆರವಾಗುವ ಹೊತ್ತಿಗೆ ಎರಡು ತಲೆಮಾರುಗಳು ಕಳೆದಿದ್ದವು. ಮುಂದೆ 1990ರ ದಶಕದ ಆರಂಭದಲ್ಲಿ ಲಾರಾ ಮೆಕಾಲಿಸ್ಟರ್ ಮೊದಲಾದ ಕೆಲವು ಆಟಗಾರ್ತಿಯರು ಒತ್ತಾಯ ಮಾಡಿದ ಮೇಲೆಯೇ ವೇಲ್ಸ್‌ನ ಸಂಘ ಮಹಿಳಾ ತಂಡವನ್ನು ತನ್ನದೆಂದು ಸ್ವೀಕರಿಸಿತು.

ಜೆಸ್ ಫಿಶ್‌ಲಾಕ್ ಹುಟ್ಟಿದ್ದು 1987ರ ಜನವರಿ 14ರಂದು, ರಾಜಧಾನಿ ಕಾರ್ಡಿಫ್‌ನಲ್ಲಿ. ಆಟ ಕಲಿತದ್ದೂ ಅಲ್ಲಿಯೇ. ಆದರೆ ಸುಮಾರು 31 ಲಕ್ಷ ಜನಸಂಖ್ಯೆಯ ಆ ಚಿಕ್ಕ ದೇಶದಲ್ಲಿ ಹೆಣ್ಣುಮಗಳೊಬ್ಬಳು ಚೆಂಡಾಡಿ ಹೊಟ್ಟೆ ಹೊರೆಯುವಂತಹ ವ್ಯವಸ್ಥೆ ಇರಲಿಲ್ಲ. ಹೀಗಾಗಿ ಈಕೆ ನೆದರ್‌ಲೆಂಡ್ಸ್‌ನ ಆಲ್ಕ್‌ಮಾರ್ ನಗರದ ತಂಡವನ್ನು ಸೇರಿದರು. ಅನಂತರ ಇಂಗ್ಲೆಂಡಿನ ಬ್ರಿಸ್ಟಲ್, ಆಸ್ಟ್ರೇಲಿಯಾದ ಮೆಲ್ಬರ್ನ್, 2013ರಲ್ಲಿ ಅಮೆರಿಕದ ಸಿಯಾಟಲ್ ರೇನ್ ತಂಡ. ಆ ವರ್ಷ ಆರಂಭವಾದ ಅಮೆರಿಕದ ಲೀಗಿನಲ್ಲಿ ಆಟಗಾರ್ತಿಯರ ಕನಿಷ್ಠ ಸಂಬಳ ಒಂದು ಋತುವಿಗೆ 6,000 ಡಾಲರ್ ಮಾತ್ರ. ಅಲ್ಲಿನ ಆಟದ ಕಾಲ ಮುಗಿದಾಗ ಬೇರೆ ಖಂಡಗಳಲ್ಲಿ ಆಟ ನಡೆಯುತ್ತಿರುತ್ತದೆ. ಆದುದರಿಂದ ಅಲ್ಲಿಯ ಅನೇಕ ಆಟಗಾರ್ತಿಯರು ಬಿಡುವಿನ ತಿಂಗಳುಗಳಲ್ಲಿ ಎರವಲಿನ ಮೇಲೆ ಬೇರೆ ತಂಡಗಳಿಗೆ ಹೋಗುತ್ತಿದ್ದರು. ಫಿಶ್‌ಲಾಕ್ ಕೂಡ ಹಾಗೆಯೇ ಗ್ಲಾಸ್ಗೋ, ಫ್ರಾಂಕ್‌ಫರ್ಟ್, ಲಿಯೋನ್ ನಗರಗಳ ತಂಡಗಳಲ್ಲಿ ಆಡಿದರು. 2015ರಲ್ಲಿ ಫ್ರಾಂಕ್‌ಫರ್ಟ್, 2019ರಲ್ಲಿ ಲಿಯೋನ್ ಯುರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದ ಋತುಗಳಲ್ಲಿ ಈಕೆ ಆ ತಂಡಗಳಲ್ಲಿದ್ದರು.

ಈಕೆಯ ಸ್ಥಾನ ಮೈದಾನದ ನಡುಭಾಗ. ಹಿಂದಿನವರು ಕಸಿದುಕೊಟ್ಟ ಚೆಂಡನ್ನು ಮುಂದಿನವರಿಗೆ ಮುಟ್ಟಿಸುವುದು, ಎದುರಾಳಿಗಳು ಮೇಲೆರಗಿದರೆ ಹಿಂದಕ್ಕೆ ಓಡಿ ತಡೆಯುವುದು ಈ ಸ್ಥಾನದವರ ಕೆಲಸ. ಇಡೀ ಪಂದ್ಯದಲ್ಲಿ ಕಾಲಿಗೆ ಬಿಡುವಿಲ್ಲ. 2019ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಾಗ ಈಕೆಗೆ 32 ವರ್ಷ. ಅನೇಕರ ಆಟ ಅಲ್ಲಿಗೆ ಮುಗಿಯುತ್ತದೆ. ಈಕೆಯಾದರೋ ಮರಳಿ ಬಂದು, 2021ರಲ್ಲಿ ಅಮೆರಿಕದ ಲೀಗಿನ ಅತ್ಯುತ್ತಮ ಆಟಗಾರ್ತಿಯೆಂಬ ಮನ್ನಣೆಗೆ ಪಾತ್ರರಾದರು.

ಇಷ್ಟೆಲ್ಲ ಹೊರನಾಡುಗಳಲ್ಲಿ ದುಡಿದರೂ ತಾಯ್ನಾಡು ಕರೆದಾಗ ಈಕೆ ಹಿಂದಿರುಗುತ್ತಿದ್ದರು. ದೇಶದ ಪರವಾಗಿ ಆಡಿದ ಒಂದೊಂದು ಪಂದ್ಯವನ್ನೂ ಒಂದು ‘ಕ್ಯಾಪ್’ ಎಂದು ಎಣಿಸುವುದು ಆ ಆಟದ ವಾಡಿಕೆ. 2006ರಲ್ಲಿ ಮೊದಲ ಕ್ಯಾಪ್ ಪಡೆದ ಫಿಶ್‌ಲಾಕ್ 2017ರಲ್ಲಿ ನೂರನೆಯದನ್ನು ಪಡೆದರು. ವೇಲ್ಸ್‌ನ ಗಂಡಸರಲ್ಲಿಯೂ ಅಲ್ಲಿಯವರೆಗೆ ಯಾರೂ ನೂರು ಮುಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. 2022ರ ಅಕ್ಟೋಬರಿನಲ್ಲಿ ಬಾಸ್ನಿಯಾದ ಎದುರು ಈಕೆ ಹೊಡೆದ ಗೋಲು ವಿಶ್ವಕಪ್ಪಿನ ಆಸೆಯನ್ನು ಉಳಿಸಿತ್ತು. ಐದು ದಿನಗಳ ತರುವಾಯ ಜ್ಯೂರಿಕ್‌ನಲ್ಲಿ ಸ್ವಿಟ್ಜರ್‌ಲೆಂಡ್ ತಂಡವು ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಆ ಆಸೆಯನ್ನು ಮುರಿಯಿತು. 2024ರ ಜುಲೈನಲ್ಲಿ ತಮ್ಮ 45ನೆಯ ಗೋಲಿನಿಂದ ಈಕೆ ಹೆಲೆನ್ ವಾರ್ಡ್ ಅವರ ದಾಖಲೆಯನ್ನು ಮೀರಿದರು. ಅದೇ ಡಿಸೆಂಬರಿನಲ್ಲಿ ವೇಲ್ಸ್ ಡಬ್ಲಿನ್ ನಗರದಲ್ಲಿ ಐರ್ಲೆಂಡನ್ನು ಸೋಲಿಸಿ, ಮೊಟ್ಟಮೊದಲ ಬಾರಿಗೆ ಮಹಿಳೆಯರ ದೊಡ್ಡ ಪಂದ್ಯಾವಳಿಯೊಂದಕ್ಕೆ ಅರ್ಹತೆ ಪಡೆಯಿತು.

2025ರ ಜುಲೈ 9ರಂದು ಸ್ವಿಟ್ಜರ್‌ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ ಫ್ರಾನ್ಸ್ ವಿರುದ್ಧ ಈಕೆ ಗೋಲು ಹೊಡೆದಾಗ ಮೊದಲು ಆಫ್‌ಸೈಡ್ ಎಂದು ಬಾವುಟ ಎತ್ತಲಾಯಿತು. ವಿಡಿಯೋ ಪರಿಶೀಲಿಸಿದ ಬಳಿಕ ಗೋಲು ಸರಿಯೆಂದು ತೀರ್ಪಾಯಿತು. ದೊಡ್ಡ ಪಂದ್ಯಾವಳಿಯಲ್ಲಿ ವೇಲ್ಸ್ ಮಹಿಳೆಯರ ಮೊದಲ ಗೋಲು ಅದು. ಆಗ ಈಕೆಗೆ 38 ವರ್ಷ; ಆ ಪಂದ್ಯಾವಳಿಯ ಚರಿತ್ರೆಯಲ್ಲಿ ಅಷ್ಟು ವಯಸ್ಸಿನವರು ಯಾರೂ ಗೋಲು ಹೊಡೆದಿರಲಿಲ್ಲ. ಪಂದ್ಯವನ್ನು ವೇಲ್ಸ್ 4-1ರಿಂದ ಸೋತಿತು. ಆ ವರ್ಷದ ಅಕ್ಟೋಬರಿನಲ್ಲಿ ಈಕೆ ದೇಶದ ತಂಡದಿಂದ ನಿವೃತ್ತರಾದರು.

ಇಂತಹ ಚರಿತ್ರೆಯನ್ನು ಓದಿದವರು ‘ಪ್ರತಿಭೆಯಿದ್ದರೆ ಹೇಗಾದರೂ ಮೇಲೆ ಬರುತ್ತಾರೆ’ ಎಂದು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲು. ನನ್ನ ಅವ್ವ ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಅವಳ ಊರಿನ ಶಾಲೆ ನಾಲ್ಕನೆಯ ತರಗತಿಗೆ ನಿಂತುಹೋಗಿತ್ತು. ನಾನು ಇಲ್ಲಿಗೆ ಬಂದದ್ದು ಬುದ್ಧಿಯಿಂದಲ್ಲ, ಬಸ್ಸು, ಹಾಸ್ಟೆಲು, ಶುಲ್ಕದ ರಿಯಾಯಿತಿ ಇವುಗಳಿಂದ. ಹಾಗೆಯೇ, ಮೈದಾನ ಮುಚ್ಚಿದ್ದ ಅರ್ಧ ಶತಮಾನದಲ್ಲಿ ಫಿಶ್‌ಲಾಕ್‌ರಂತಹವರು ವೇಲ್ಸ್‌ನಲ್ಲಿ ಹುಟ್ಟಲೇ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಹುಟ್ಟಿದ್ದರು, ಅವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ, ಅಷ್ಟೆ. ಒಬ್ಬರು ಗೋಡೆ ಹತ್ತಿ ದಾಟಿದರೆಂದು ಗೋಡೆ ಇರಲಿಲ್ಲವೆಂದು ವಾದಿಸಲಾಗದು.

ಈಚೆಗೆ ಆ ಗೋಡೆ ತಗ್ಗುತ್ತಿದೆಯೆಂಬುದು ಸಮಾಧಾನದ ಸಂಗತಿ. 2023ರ ಜನವರಿಯಲ್ಲಿ ವೇಲ್ಸ್‌ನ ಪುರುಷರ ತಂಡವು ತನ್ನ ಪಾಲಿನ ಹಣವನ್ನು ಇಳಿಸಿಕೊಳ್ಳಲು ಒಪ್ಪಿ, ದೇಶದ ಪರವಾಗಿ ಆಡುವ ಸ್ತ್ರೀಪುರುಷರಿಬ್ಬರಿಗೂ ಸಮಾನ ಸಂಭಾವನೆ ನಿಗದಿಯಾಯಿತು. ಇಷ್ಟು ವರ್ಷಗಳ ಆಟದಿಂದ ಫಿಶ್‌ಲಾಕ್ ಮತ್ತು ಅವರ ಓರಗೆಯವರು ಗಳಿಸಿದ್ದು ಕಪ್ಪುಗಳನ್ನಷ್ಟೇ ಅಲ್ಲ, ಮುಂದೆ ಬರುವ ಹುಡುಗಿಯರಿಗೆ ತವರಿನಲ್ಲಿಯೇ ಒಂದು ನೆಲೆಯನ್ನು. ನಾವೂ ಪದವೀಧರರಾಗಿ ಹೊರಬಿದ್ದ ಮೇಲೆ ನಮ್ಮ ಅಂಕಪಟ್ಟಿಯ ಜೊತೆಗೆ ಈ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.