ಜಾಹೀರಾತಿಗೆ ಮುನ್ನ ಕೌಂಟರ್ ಸರಿಮಾಡಿಕೊಳ್ಳಿ

ಅಮೆರಿಕದಲ್ಲಿ ಸರ್ಕ್ಯೂಟ್ ಸಿಟಿ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಕಂಪನಿಯಿತ್ತು. 2007ರ ಮಾರ್ಚ್‌ನಲ್ಲಿ ಅದು ತನ್ನ ಮಳಿಗೆಗಳ ಸುಮಾರು 3,400 ಕೆಲಸಗಾರರನ್ನು ಒಂದೇ ಸಲಕ್ಕೆ ಮನೆಗೆ ಕಳಿಸಿತು. ಅವರ ಕೆಲಸದಲ್ಲಿ ದೋಷವಿರಲಿಲ್ಲ. ಅವರ ಸಂಬಳ ಮಾರುಕಟ್ಟೆ ದರಕ್ಕಿಂತ ಹೆಚ್ಚು ಎಂಬುದೇ ಕಾರಣ. ಆ ಜಾಗಗಳಿಗೆ ಕಡಿಮೆ ಸಂಬಳದ ಹೊಸಬರು ಬಂದರು. ಎರಡು ಟಿವಿಗಳ ನಡುವಿನ ವ್ಯತ್ಯಾಸವನ್ನು ಗಿರಾಕಿಗೆ ಬಿಡಿಸಿ ಹೇಳಬಲ್ಲ ಅನುಭವಿಗಳು ಹೋದ ಮೇಲೆ ವ್ಯಾಪಾರ ಇಳಿಯುತ್ತಾ ಬಂತು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರಲ್ಲಿ ಎಲ್ಲ ಮಳಿಗೆಗಳೂ ಮುಚ್ಚಿದವು. ಆರ್ಥಿಕ ಹಿಂಜರಿತ ಬಂದಿತ್ತಲ್ಲ, ಆನ್‌ಲೈನ್ ವ್ಯಾಪಾರದ ಪೈಪೋಟಿಯೂ ಇತ್ತಲ್ಲ ಎಂದು ಕೇಳಬಹುದು. ನಿಜ, ಸಿಬ್ಬಂದಿ ಕಡಿತವೊಂದೇ ಅದನ್ನು ಮುಳುಗಿಸಿತು ಎಂದರೆ ಅತಿಮಾತಾಗುತ್ತದೆ. ಆದರೆ ಅದೇ ಹಿಂಜರಿತ, ಅದೇ ಪೈಪೋಟಿಯ ನಡುವೆ ಅದರ ನೇರ ಎದುರಾಳಿ ಬೆಸ್ಟ್ ಬೈ ಉಳಿದುಕೊಂಡಿತು. ಕಷ್ಟಕಾಲದಲ್ಲಿ ಗಿರಾಕಿಯನ್ನು ಹಿಡಿದಿಡಬೇಕಾದ ಕೈಗಳನ್ನೇ ಸರ್ಕ್ಯೂಟ್ ಸಿಟಿ ಮೊದಲು ಕಳೆದುಕೊಂಡಿತ್ತು.

ನಮ್ಮಲ್ಲಿ ಹತ್ತಿಪ್ಪತ್ತು ಜನರನ್ನಿಟ್ಟುಕೊಂಡು ಬಟ್ಟೆ ಅಂಗಡಿ, ಹೋಟೆಲು, ಮೊಬೈಲ್ ಮಳಿಗೆ, ಡಯಾಗ್ನೋಸ್ಟಿಕ್ ಲ್ಯಾಬ್ ನಡೆಸುವವರೂ ಇದೇ ತಪ್ಪಿನ ಸಣ್ಣ ರೂಪವನ್ನು ಪ್ರತಿ ಸೀಸನ್‌ನಲ್ಲಿ ಮಾಡುತ್ತಾರೆ. ಆಷಾಢದ ರಿಯಾಯಿತಿಗೆ ಫ್ಲೆಕ್ಸು, ಲೋಕಲ್ ಚಾನೆಲ್, ಇನ್‌ಸ್ಟಾಗ್ರಾಂ ರೀಲ್ಸ್ ಎಂದು ಹಣ ಸುರಿಯುತ್ತಾರೆ. ಕೌಂಟರ್‌ನಲ್ಲಿ ನಿಂತವನಿಗೆ ಆಫರ್ ಏನೆಂದು ಗೊತ್ತಾಗುವುದು ಗಿರಾಕಿ ಫೋನ್ ತೋರಿಸಿದಾಗ. ಮಾರ್ಕೆಟಿಂಗ್ ಒಂದು ಖಾತೆ, ಸಿಬ್ಬಂದಿ ನಿರ್ವಹಣೆ ಇನ್ನೊಂದು ಖಾತೆ ಎಂದು ಬೇರೆ ಮಾಡಿಟ್ಟದ್ದರ ಫಲ ಇದು. ಜಾಹೀರಾತು ಕೊಟ್ಟ ಮಾತನ್ನು ನಡೆಸಿಕೊಡುವುದು ಸಿಬ್ಬಂದಿ. ಹಾಗಾಗಿ ಎರಡಕ್ಕೂ ಒಂದೇ ಯೋಜನೆ, ಒಂದೇ ಬಜೆಟ್ ಇರಬೇಕು, ಮತ್ತು ಕೆಲಸ ಕೌಂಟರ್‌ನಿಂದ ಆರಂಭವಾಗಬೇಕು.

ಮೊದಲ ಹೆಜ್ಜೆಗೆ ಬೇಕಾದದ್ದು ಒಂದು ನೋಟ್‌ಪುಸ್ತಕ. ಗಿರಾಕಿ ಕೇಳಿದ್ದು ಸಿಗದೆ ಹೊರಟಾಗಲೆಲ್ಲ ಒಂದು ಸಾಲು ಬರೆಯಿರಿ ಎಂದು ಕೌಂಟರಿನವರಿಗೆ ಹೇಳಿ: ಏನು ಕೇಳಿದರು, ಯಾಕೆ ಕೊಡಲಾಗಲಿಲ್ಲ. ಅಳತೆ ಇರಲಿಲ್ಲವೇ, ಬೆಲೆ ಹೆಚ್ಚಾಯಿತೇ, ಬಿಲ್ಲಿಂಗ್ ಸಾಲು ಉದ್ದವಿತ್ತೇ, ತೋರಿಸುವವರೇ ಇರಲಿಲ್ಲವೇ? ಮೂರು ವಾರ ಹೀಗೆ ಬರೆಸಿದರೆ ಸಮೀಕ್ಷೆಗೆಂದು ಹೊರಗಿನವರಿಗೆ ದುಡ್ಡು ಕೊಟ್ಟು ತಿಳಿಯಬೇಕಾದ್ದರಲ್ಲಿ ಬಹುಪಾಲು ನಿಮ್ಮ ಮೇಜಿನ ಮೇಲಿರುತ್ತದೆ. ಒಂದೇ ಷರತ್ತು: ಅದರಲ್ಲಿ ಬರೆದದ್ದಕ್ಕೆ ಯಾರನ್ನೂ ಬೈಯಬಾರದು. ‘ನಿನ್ನ ಕೌಂಟರ್‌ನಲ್ಲೇ ಯಾಕೆ ಇಷ್ಟು ಜನ ವಾಪಸ್ ಹೋದರು’ ಎಂದು ಒಮ್ಮೆ ಗದರಿದರೆ ಸಾಕು, ಮರುದಿನದಿಂದ ಪುಸ್ತಕ ಖಾಲಿ. ವಾರಕ್ಕೊಮ್ಮೆ ಎಲ್ಲರೂ ಕೂತು ಅದನ್ನು ಓದಿ, ಕನಿಷ್ಠ ಒಂದು ದೂರನ್ನಾದರೂ ಆ ವಾರವೇ ಸರಿಪಡಿಸಿ. ತಾವು ಬರೆದದ್ದು ಕೆಲಸಕ್ಕೆ ಬರುತ್ತದೆಂದು ಕಂಡರೆ ಜನ ಇನ್ನಷ್ಟು ಬರೆಯುತ್ತಾರೆ.

ಎರಡನೆಯದು ಲೆಕ್ಕ. ಕಳೆದ ವರ್ಷ ಎಷ್ಟು ಮಂದಿ ಕೆಲಸ ಬಿಟ್ಟರು, ಹೊಸಬರು ಪಳಗಲು ಎಷ್ಟು ವಾರ ಹಿಡಿಯಿತು, ಆ ವಾರಗಳಲ್ಲಿ ಎಷ್ಟು ಮಾರಾಟ ಕೈತಪ್ಪಿತು ಎಂದು ಬರೆದು ನೋಡಿ. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ‘ಕೆಲಸ ಕಲಿಸಿದರೆ ಎರಡು ಸಾವಿರ ಹೆಚ್ಚು ಕೊಡುವವರ ಹತ್ತಿರ ಹೋಗುತ್ತಾರೆ, ಕಲಿಸಿ ಏನು ಪ್ರಯೋಜನ?’ ಎಂಬ ಮಾಲೀಕರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕಲಿಯದವರೂ ಬಿಟ್ಟು ಹೋಗುತ್ತಾರೆ. ಇರುವಷ್ಟು ದಿನ ಗಿರಾಕಿಗಳನ್ನೂ ಕಳೆಯುತ್ತಾರೆ. ಫೋರ್ಡ್ ಕಾರ್ಖಾನೆಯ ದಾಖಲೆ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. 1913ರಲ್ಲಿ ಸುಮಾರು 14,000 ಕೆಲಸಗಾರರ ಸಂಖ್ಯೆಯನ್ನು ಕಾಯ್ದುಕೊಳ್ಳಲು ಅದು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಕೊಡುವುದಾಗಿ, ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸುವುದಾಗಿ ಘೋಷಿಸಿದ ಮೇಲೆ ಬಿಟ್ಟುಹೋಗುವವರ ಪ್ರಮಾಣ ಪಾತಾಳಕ್ಕಿಳಿಯಿತು. (ಆ ಸಂಬಳಕ್ಕಾಗಿ ಕಂಪನಿಯವರು ಕೆಲಸಗಾರರ ಮನೆಗೇ ಹೋಗಿ ಅವರ ನಡತೆ ತಪಾಸಣೆ ಮಾಡುತ್ತಿದ್ದರು. ಅದನ್ನು ಅನುಕರಿಸುವುದು ಬೇಡ.)

ಫೋರ್ಡ್‌ನಂತೆ ಸಣ್ಣ ಅಂಗಡಿ ಸಂಬಳವನ್ನು ದುಪ್ಪಟ್ಟು ಮಾಡಲಾರದು. ಆದರೆ ಸಂಬಳ ಹೆಚ್ಚಿಸದೆಯೂ ಜನರನ್ನು ಉಳಿಸಿಕೊಳ್ಳುವ ದಾರಿಗಳಿವೆ. ಡ್ಯೂಟಿ ಪಟ್ಟಿಯನ್ನು ಎರಡು ವಾರ ಮೊದಲೇ ಗೋಡೆಗೆ ಅಂಟಿಸಿ. ಮಗುವಿನ ಶಾಲೆ, ಊರಿನ ಬಸ್ಸು ನೋಡಿಕೊಂಡು ಬದುಕುವವರಿಗೆ ಇದು ದೊಡ್ಡ ನೆಮ್ಮದಿ. ಕೌಂಟರಿನ ಹಿಂದೆ ಕೂರಲು ಸ್ಟೂಲ್ ಇಡಿ. ಇನ್ನು ಕೆಲವು ಔದಾರ್ಯದ ಮಾತೇ ಅಲ್ಲ, ಕಾನೂನು: ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ವಾರದ ರಜೆ ಮತ್ತು ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ ಸಿಬ್ಬಂದಿಯ ಹಕ್ಕು. ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ಇವನ್ನು ತಪ್ಪಿಸಿ ಉಳಿಸಿದ ಹಣದಲ್ಲಿ ಜಾಹೀರಾತು ಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೂ ಹೌದು, ನಷ್ಟವೂ ಹೌದು.

ಮೂರನೆಯದು ಅಧಿಕಾರ ಕೊಡುವುದು. ಹೊಲಿಗೆ ಬಿಟ್ಟ ಅಂಗಿ ಹಿಡಿದು ಬಂದ ಗಿರಾಕಿಗೆ ‘ಓನರ್ ಬರಲಿ, ಸಂಜೆ ಬನ್ನಿ’ ಎಂದರೆ ಆತ ಸಂಜೆ ಬರುವುದಿಲ್ಲ, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡುತ್ತಾನೆ. ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ತೊಂದರೆ ಸರಿಪಡಿಸಲು ಯಾವ ಸಿಬ್ಬಂದಿಯೇ ಆದರೂ, ಯಾರನ್ನೂ ಕೇಳದೆ, 2,000 ಡಾಲರ್‌ವರೆಗೆ ಖರ್ಚು ಮಾಡಬಹುದೆಂಬ ನಿಯಮ ಹೆಸರಾಗಿದೆ. ನಿಮ್ಮಲ್ಲಿ ಅದು ಐನೂರು ರೂಪಾಯಿ ಇರಲಿ. ದುರುಪಯೋಗವಾದರೆ? ಪ್ರತಿ ಸಲದ ಕಾರಣವನ್ನು ಅದೇ ನೋಟ್‌ಪುಸ್ತಕದಲ್ಲಿ ಬರೆಸಿ, ತಿಂಗಳ ಕೊನೆಗೆ ನೋಡಿ. ಅಷ್ಟರ ಮೇಲೂ ನಂಬಲಾಗದವರನ್ನು ಗಲ್ಲಾದ ಬಳಿ ಕೂರಿಸಿದ್ದೇ ಮೊದಲ ತಪ್ಪು.

ಪ್ರೋತ್ಸಾಹಧನದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಪ್ರತಿ ಗ್ರಾಹಕನಿಗೂ ಎಂಟು ಬಗೆಯ ಸೇವೆ ಮಾರಬೇಕೆಂಬ ಗುರಿ ಇಟ್ಟುಕೊಂಡು ಕೆಳಹಂತದ ನೌಕರರ ಮೇಲೆ ಒತ್ತಡ ಹಾಕಿತು. ಕೆಲಸ ಉಳಿಸಿಕೊಳ್ಳಲು ಅವರು ಗ್ರಾಹಕರಿಗೆ ತಿಳಿಯದಂತೆ ಲಕ್ಷಾಂತರ ಖಾತೆ ತೆರೆದರು. 2016ರಲ್ಲಿ ಇದು ಬಯಲಾದಾಗ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಗುರಿಯೇ ಇಲ್ಲದಿದ್ದರೆ ಜನ ಮೈಗಳ್ಳರಾಗುತ್ತಾರೆ ಎಂದು ಹೇಳುವವರಿದ್ದಾರೆ. ಗುರಿ ಇರಲಿ, ಆದರೆ ಅದು ಇಡೀ ತಂಡದ್ದಾಗಿರಲಿ, ಮತ್ತು ವಾಪಸ್ ಬಂದ ಮಾಲನ್ನು ಅದರ ಲೆಕ್ಕದಿಂದ ಕಳೆಯಿರಿ. ಆಗ ಬೇಡದ ಸೀರೆಯನ್ನು ಒತ್ತಾಯದಿಂದ ಕಟ್ಟಿಕೊಡುವುದರಲ್ಲಿ ಯಾರಿಗೂ ಲಾಭ ಉಳಿಯುವುದಿಲ್ಲ.

ಇಷ್ಟಾದ ಮೇಲೆ ಜಾಹೀರಾತಿನ ಸರದಿ. ಪೋಸ್ಟರ್ ಅಚ್ಚಿಗೆ ಕೊಡುವ ಮುನ್ನ ಅದರ ಕರಡನ್ನು ಸಿಬ್ಬಂದಿಗೆ ಓದಿಸಿ, ‘ಶನಿವಾರ ಸಂಜೆಯ ನೂಕುನುಗ್ಗಲಿನಲ್ಲೂ ಇದನ್ನು ನಡೆಸಿಕೊಡಲು ಆಗುತ್ತದೆಯೇ?’ ಎಂದು ಕೇಳಿ. ಆಗದು ಎಂದ ಸಾಲನ್ನು ಹೊಡೆದುಹಾಕಿ. ಅರ್ಧ ಗಂಟೆಯಲ್ಲಿ ಡೆಲಿವರಿ ಎನ್ನುವ ಬದಲು ಒಂದು ಗಂಟೆ ಎಂದು ಬರೆದು ಮುಕ್ಕಾಲು ಗಂಟೆಯಲ್ಲಿ ತಲುಪಿಸುವುದು ಮೇಲು. ದೀಪಾವಳಿಗೆ ಪ್ರಚಾರ ಮಾಡಬೇಕೆಂದಿದ್ದರೆ ನೋಟ್‌ಪುಸ್ತಕವನ್ನು ಗಣೇಶನ ಹಬ್ಬದ ಹೊತ್ತಿಗೇ ಕೌಂಟರ್ ಮೇಲಿಡಿ, ಕರಡನ್ನು ದಸರೆಗೆ ಮುಂಚೆ ಓದಿಸಿ. ಆಫರ್ ಚಾಲೂ ಆಗುವ ದಿನ ಗಿರಾಕಿಗಿಂತ ಮೊದಲು, ಬೆಳಿಗ್ಗೆ ಬಾಗಿಲು ತೆರೆಯುವವನಿಗೂ ಅದರ ಪೂರ್ತಿ ವಿವರ ಗೊತ್ತಿರಲಿ.