ಬ್ಲೇಡ್ ಹೊಸದೇನು ಎಂದು ಕೇಳಿ, ಟವೆಲ್ಲಿಗೆ ಹೆದರಬೇಡಿ

ನನ್ನ ಅಂಗಡಿಯ ಕುರ್ಚಿಯಲ್ಲಿ ಕೂರುವವರಿಗೆ ಈಗ ಎರಡು ಅನುಮಾನ. ಒಂದನ್ನು ಬಾಯಿಬಿಟ್ಟು ಕೇಳುತ್ತಾರೆ: "ಬ್ಲೇಡ್ ಹೊಸಾದು ಹೌದಲ್ಲೋ?" ಇನ್ನೊಂದನ್ನು ಕೇಳುವುದಿಲ್ಲ. ಮುಖ ಒರೆಸುವ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಜೇಬಿನಿಂದ ತಮ್ಮ ಕರವಸ್ತ್ರ ತೆಗೆಯುತ್ತಾರೆ. ಮೊದಲನೆಯದು ನ್ಯಾಯವಾದ ಪ್ರಶ್ನೆ. ಕಾಗದ ಬಿಚ್ಚಿ, ಬ್ಲೇಡನ್ನು ಅವರ ಕಣ್ಣೆದುರೇ ಎರಡು ತುಂಡು ಮಾಡಿ, ಅರ್ಧವನ್ನು ಉಸ್ತರಾಕ್ಕೆ ಹಾಕಿ ತೋರಿಸುತ್ತೇನೆ. ಎರಡನೆಯದಕ್ಕೆ ಒಬ್ಬೊಬ್ಬರಿಗೂ ಉತ್ತರ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿರುವ ಹಳೆಯ ಕಟಿಂಗ್ ಅಂಗಡಿ. ಗೋಡೆಯ ಮೇಲೆ ಹಡಪದ ಅಪ್ಪಣ್ಣನವರ ಫೋಟೊ, ಅದರ ಕೆಳಗೆ ಅಪ್ಪನ ಫೋಟೊ. ಅಪ್ಪ ಚರ್ಮದ ಪಟ್ಟಿಗೆ ಕತ್ತಿ ಮಸೆದು ಅದೊಂದರಲ್ಲೇ ಊರಿಗೆಲ್ಲ ಗಡ್ಡ ಹೆರೆದವರು. ತೊಂಬತ್ತರ ದಶಕದಲ್ಲಿ ಗೋಡೆಗೋಡೆಗೂ ತಲೆಬುರುಡೆಯ ಚಿತ್ರ, 'ಏಡ್ಸ್ ಎಂದರೆ ಸಾವು' ಎಂಬ ಬರಹ ಬಂದಾಗ ಆ ಕತ್ತಿ ಪೆಟ್ಟಿಗೆ ಸೇರಿತು, ಅರ್ಧ ಬ್ಲೇಡು ಬಂತು. ಅದು ಒಳ್ಳೆಯದೇ ಆಯಿತು. ಆದರೆ ಆ ತಲೆಬುರುಡೆ ಮಾತ್ರ ಜನರ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದಾಗ ಔಷಧ ಇರಲಿಲ್ಲ. 2004ರಿಂದ ಸರ್ಕಾರವೇ ಎಆರ್‌ಟಿ ಗುಳಿಗೆಯನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಹೆದರಿಸಲು ಊರೂರು ಸುತ್ತಿದವರು ಈ ಸುದ್ದಿ ಹೇಳಲು ಅಷ್ಟೇ ಉತ್ಸಾಹದಿಂದ ಯಾಕೆ ಬರಲಿಲ್ಲ ಎಂಬ ಸಿಟ್ಟು ನನಗಿದೆ.

ಟವೆಲ್ಲಿನ ಅನುಮಾನ ಹುಟ್ಟಿದ್ದು ಒಂದು ಶನಿವಾರ ಸಂಜೆ. ಕುರ್ಚಿಯಲ್ಲಿದ್ದವರು ನಮ್ಮ ಹಳೆಯ ಗಿರಾಕಿ. ಅವರ ಹೆಸರು, ಓಣಿ, ಕಸುಬು ಯಾವುದನ್ನೂ ಬರೆಯುವುದಿಲ್ಲ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ.

ಕರೆಂಟ್ ಹೋಗಿತ್ತು. ಬಾಗಿಲ ಬೆಳಕಿನಲ್ಲೇ ದವಡೆಯ ಕೆಳಗೆ ಉಸ್ತರಾ ಆಡಿಸುತ್ತಿದ್ದೆ. ಒಮ್ಮೆಲೇ ಕರೆಂಟ್ ಬಂತು, ಗೋಡೆಯ ಟಿವಿ ಕಿರುಚಿಕೊಂಡಿತು, ಅವರು ಬೆಚ್ಚಿ ತಲೆ ತಿರುಗಿಸಿದರು. ಬಿಳಿ ನೊರೆಯ ಮೇಲೆ ಕೆಂಪು ಗೆರೆ ಮೂಡಿತು. ಹತ್ತಿ ಒತ್ತಿ ಹಿಡಿಯಲು ಕೊಟ್ಟು, ಆ ಬ್ಲೇಡ್ ಬದಲಾಯಿಸೋಣವೆಂದು ಉಸ್ತರಾದ ಬಾಯಿ ತೆರೆದೆ. ಸಾಬೂನು ಹತ್ತಿದ್ದ ಬ್ಲೇಡು ಜಾರಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು. ಗೀರಲ್ಲ, ಆಳವಾಗಿಯೇ ಇಳಿಯಿತು. ಅವರ ರಕ್ತ ಹತ್ತಿದ್ದ ಬ್ಲೇಡು.

ನಮ್ಮ ಕಸುಬಿನಲ್ಲಿ ಬೆರಳು ಕೊಯ್ಯುವುದು ಹೊಸತಲ್ಲ. "ಏನಾಗಂಗಿಲ್ಲ ಬಿಡ್ರಿ ಅಣ್ಣಾರ" ಎಂದು ಬಟ್ಟೆ ಸುತ್ತಿಕೊಳ್ಳಲು ಹೊರಟಿದ್ದೆ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅರ್ಧ ಮುಖದಲ್ಲಿ ನೊರೆ ಹಾಗೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಇಬ್ಬರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ತಮ್ಮಾ, ನನಗ ಎಚ್‌ಐವಿ ಐತಿ. ಭಾಳ ವರ್ಷ ಆತು, ದಿನಾ ಗುಳಿಗಿ ತಗೋತೀನಿ. ರಕ್ತದಾಗ ವೈರಸ್ ಕಾಣಿಸದಷ್ಟು ಕಡಿಮಿ ಐತಿ ಅಂತ ರಿಪೋರ್ಟ್ ಬಂದೈತಿ. ಆದ್ರೂ ನೀ ಈಗಿಂದೀಗ ದವಾಖಾನಿಗೆ ನಡಿ. ತಡಾ ಮಾಡಬ್ಯಾಡ."

ಆ ಕ್ಷಣ ನನ್ನ ಕಿವಿಯಲ್ಲಿ ಟಿವಿಯ ಸದ್ದೂ ಇರಲಿಲ್ಲ. ಮೊದಲು ಬಂದ ಯೋಚನೆ ಮೊಮ್ಮಗಳದು. ಬೆಳಿಗ್ಗೆ ಅವಳಿಗೆ ಈ ಕೈಯಿಂದಲೇ ತುತ್ತು ಕೊಟ್ಟಿದ್ದೆ. ಆಗ ಕೈಗೆ ಗಾಯವೇ ಆಗಿರಲಿಲ್ಲ, ಆದರೂ ಅದೇ ಯೋಚನೆ. ಆಮೇಲೆ ಹೆಂಡತಿ, ಆಮೇಲೆ ಅಂಗಡಿ. ಮನುಷ್ಯನ ತಲೆ ಹೆದರಿದಾಗ ಹಿಂದಿನದನ್ನೂ ಮುಂದಿನದನ್ನೂ ಕಲಸಿಬಿಡುತ್ತದೆ.

ಪಕ್ಕದ ಮೆಡಿಕಲ್ ಶಾಪಿನ ಹುಡುಗ ಸ್ಪಿರಿಟ್ ಬಾಟಲಿ ತಂದ. "ಹಿಂಡ್ರಿ, ಕೆಟ್ಟ ರಕ್ತ ಹೊರಗ ಹೋಗಲಿ" ಎಂದು ಬೆರಳನ್ನೇ ಹಿಡಿದುಕೊಂಡ. ಅವನ ಕೈ ಬಿಡಿಸಿ, ನನ್ನನ್ನು ನಲ್ಲಿಯ ಕೆಳಗೆ ನಿಲ್ಲಿಸಿದವರು ಅದೇ ಗಿರಾಕಿ. ಹಿಂಡಬಾರದು, ಬೆರಳನ್ನು ಬಾಯಿಗಿಟ್ಟು ಚೀಪಬಾರದು, ಸ್ಪಿರಿಟ್ಟು ಬ್ಲೀಚು ಸುರಿಯಬಾರದು. ಹರಿಯುವ ನೀರು, ಸಾಬೂನು, ಅಷ್ಟೇ. ಅವರು ಅಂದು ಹೇಳಿದ್ದನ್ನೇ ಆಮೇಲೆ ಆಸ್ಪತ್ರೆಯವರೂ ಹೇಳಿದರು.

ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಬೆರಳನ್ನು ಮುಟ್ಟಲಿಲ್ಲ. ಮೇಜಿನ ಆಚೆಯಿಂದಲೇ ಕೇಳಿದರು, "ಅವರಿಗೆ ಎಚ್‌ಐವಿ ಐತಂತ ಗೊತ್ತಿದ್ದೂ ಯಾಕ್ ಶೇವಿಂಗ್ ಮಾಡಿದಿ?" ಗೊತ್ತಿರಲಿಲ್ಲ ಎಂದೆ. "ಎಚ್‌ಐವಿ ಟೆಸ್ಟ್ ಮಾಡೋ ಐಸಿಟಿಸಿ ಬಾಗಿಲು ಹಾಕ್ಯಾರ. ಸೋಮವಾರ ಬಾ, ಟೆಸ್ಟ್ ಮಾಡಿಸು. ಬಂದಿದ್ರ ಗೊತ್ತಾಗತೈತಿ." ಟಿಟಿ ಇಂಜೆಕ್ಷನ್ ಬರೆದ ಚೀಟಿಯನ್ನು ಮೇಜಿನ ಮೇಲಿಂದ ನನ್ನ ಕಡೆಗೆ ಜಾರಿಸಿದರು. ಈ ಮಾತನ್ನು ಅವರು ಎಲ್ಲರಿಗೂ ಕೇಳುವಂತೆಯೇ ಆಡಿದರು. ಸಾಲಿನಲ್ಲಿ ನಮ್ಮ ಅಕ್ಕನ ಗಂಡ ನಿಂತಿದ್ದರು, ಯಾವುದೋ ಕೆಮ್ಮಿನ ಔಷಧಕ್ಕೆ.

ಆ ಡಾಕ್ಟರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಸೋಮವಾರ ಎಂದರೆ ಮಧ್ಯೆ ಒಂದೂವರೆ ದಿನ. ಇಂಥ ಗಾಯವಾದಾಗ ಕೊಡುವ ಔಷಧಕ್ಕೆ ಪಿಇಪಿ ಎನ್ನುತ್ತಾರೆ. ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ತಡವಾದಷ್ಟೂ ಅದರ ಪ್ರಯೋಜನ ಕಡಿಮೆ. ಅವತ್ತೇ ಹೋಗಿ ಪರೀಕ್ಷೆ ಮಾಡಿಸಿದರೂ ಅವತ್ತು ಹೊಕ್ಕ ವೈರಸ್ ಅದರಲ್ಲಿ ಕಾಣುವುದಿಲ್ಲ. ಸೋಮವಾರದ ಪರೀಕ್ಷೆಯಲ್ಲೂ ಕಾಣುತ್ತಿರಲಿಲ್ಲ. ಇಷ್ಟು ತಿಳಿಯಲು ದೊಡ್ಡ ಡಾಕ್ಟರಾಗಬೇಕಿಲ್ಲ. ಬಾಗಿಲ ಹೊರಗೆ ದವಡೆಗೆ ಹತ್ತಿ ಒತ್ತಿಕೊಂಡು ನಿಂತಿದ್ದ ನನ್ನ ಗಿರಾಕಿಗೆ ಗೊತ್ತಿತ್ತು.

ಅವರೇ ತಮ್ಮ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಗೆ ಫೋನ್ ಹಚ್ಚಿದರು. ಆ ತಾಯಿ ರಜೆಯಲ್ಲಿದ್ದರೂ ಫೋನ್ ಎತ್ತಿ, ಜಿಲ್ಲಾ ಆಸ್ಪತ್ರೆಗೆ ಹೇಳಿಟ್ಟರು. ಬಾಡಿಗೆ ಗಾಡಿಯಲ್ಲಿ ನಾವಿಬ್ಬರೂ ಹೊರಟೆವು. ದಾರಿಯಲ್ಲಿ ಅವರು ಕಿಟಕಿಗೆ ಅಂಟಿಕೊಂಡು, ನನ್ನಿಂದ ಆದಷ್ಟು ದೂರ ಸರಿದು ಕೂತಿದ್ದರು. ವರ್ಷಗಟ್ಟಲೆ ಜನ ಕಲಿಸಿದ ರೂಢಿ ಅದು. ನಾನು ಸರಿದು ಹತ್ತಿರ ಕೂತೆ. ಹೆದರಿಕೆ ಹೋಗಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ ಎಂಬುದು ಅಷ್ಟರಲ್ಲಿ ತಲೆಗೆ ಹತ್ತಿತ್ತು. ನನಗಾಗಿ ಆ ಮನುಷ್ಯ ತನ್ನ ಮಾನವನ್ನೇ ಪಣಕ್ಕಿಟ್ಟಿದ್ದರು.

ರಾತ್ರಿ ಮೊದಲ ಗುಳಿಗೆ ಕೈಗೆ ಬಂತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ. ಅದನ್ನು ನೋಡಿ ಅವರು, "ನಂದೂ ಇದ ತಮ್ಮಾ" ಎಂದರು. ಅವರು ದಿನಾ ನುಂಗುವುದೂ ಅದೇ.

ಅಲ್ಲಿನ ಡಾಕ್ಟರು ಕೂರಿಸಿಕೊಂಡು ಲೆಕ್ಕ ಹೇಳಿದರು. ಎಚ್‌ಐವಿ ಇರುವವರ ರಕ್ತ ಹತ್ತಿದ ಸೂಜಿ ಚುಚ್ಚಿಕೊಂಡ ಸಾವಿರ ಜನರಲ್ಲಿ ಸುಮಾರು ಮೂವರಿಗೆ ಸೋಂಕು ತಗಲಬಹುದು. ಅದೂ ಔಷಧ ತೆಗೆದುಕೊಳ್ಳದವರ ರಕ್ತವಾದರೆ, ಒಳಗೆ ಪೊಳ್ಳಿರುವ ಸೂಜಿಯಾದರೆ. ಗುಳಿಗೆ ಸರಿಯಾಗಿ ನುಂಗಿ, ವೈರಸ್ ಪರೀಕ್ಷೆಯಲ್ಲಿ ಕಾಣದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಕೂಡ ಸೋಂಕು ದಾಟುವುದಿಲ್ಲವೆಂದು ಸಾವಿರಾರು ದಂಪತಿಗಳ ಅಧ್ಯಯನಗಳಲ್ಲಿ ಸಿದ್ಧವಾಗಿದೆ. ರಕ್ತದ ಗಾಯದಲ್ಲಿ ಅಪಾಯ ಸೊನ್ನೆ ಎನ್ನಲು ಬರುವುದಿಲ್ಲ, ಬಹಳ ಬಹಳ ಕಡಿಮೆ ಎನ್ನಬಹುದು. ಅದಕ್ಕೇ ಈ ಗುಳಿಗೆ ಎಂದರು. ಆಮೇಲೆ ಕೇಳಿದರು, "ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ?" ಇಲ್ಲ. ಇಷ್ಟು ವರ್ಷದಲ್ಲಿ ಯಾವ ಇಲಾಖೆಯವರೂ, ಲೈಸೆನ್ಸ್ ಕೊಡುವವರೂ ನಮ್ಮ ಕಸುಬಿನವರಿಗೆ ಅದರ ಹೆಸರು ಹೇಳಿರಲಿಲ್ಲ. ಆ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರುತ್ತದೆ. ಲಸಿಕೆ ಇಲ್ಲದವರಿಗೆ ಅಂಥ ಸೂಜಿ ಚುಚ್ಚಿದರೆ ನೂರರಲ್ಲಿ ಮೂವತ್ತು ಜನರವರೆಗೂ ತಗಲಬಹುದು. ಮೂವರು ಸಾವಿರದಲ್ಲಿ, ಮೂವತ್ತು ನೂರರಲ್ಲಿ. ಜನ ಹೆದರುವುದು ಮೊದಲನೆಯದಕ್ಕೆ. ಎರಡನೆಯದರ ಹೆಸರೂ ಗೊತ್ತಿಲ್ಲ.

ಮನೆಗೆ ಬಂದಾಗ ನಡುರಾತ್ರಿ. ನನ್ನ ಊಟ ಬೇರೆ ಇಡು ಎಂದೆ. ಹೆಂಡತಿ ಕೇಳಿದಳು, "ಬ್ಯಾರೆ ಗಂಗಾಳದಾಗ ಉಂಡ್ರ ಗುಳಿಗಿ ಜಾಸ್ತಿ ಕೆಲಸ ಮಾಡತೈತೇನು? ಡಾಕ್ಟರ್ ಹಂಗ ಹೇಳ್ಯಾರೇನು?" ಹೇಳಿರಲಿಲ್ಲ. ಅವರು ಹೇಳಿದ್ದು, ಪರೀಕ್ಷೆಗಳೆಲ್ಲ ಮುಗಿಯುವ ತನಕ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು ಎಂದಷ್ಟೆ. ತಟ್ಟೆ, ಹಾಸಿಗೆ, ಬಚ್ಚಲು, ಮೊಮ್ಮಗಳನ್ನು ಎತ್ತಿಕೊಳ್ಳುವುದು ಯಾವುದರ ಮಾತೂ ಬಂದಿರಲಿಲ್ಲ. ಅವಳು ಏಳನೆಯ ಇಯತ್ತೆ ಓದಿದವಳು. ಒಂದೇ ಪ್ರಶ್ನೆಯಲ್ಲಿ ಮುಗಿಸಿದಳು.

ಮುಗಿಸದವರು ಅಕ್ಕನ ಗಂಡ. ಭಾನುವಾರ ಮಧ್ಯಾಹ್ನದೊಳಗೆ ಸುದ್ದಿ ಓಣಿ ದಾಟಿತ್ತು: ನನಗೇ ರೋಗ ಬಂದಿದೆ, ಅಂಗಡಿಯಿಂದ ಊರಿಗೆಲ್ಲ ಹಬ್ಬುತ್ತದೆ. ನಿತ್ಯದ ಗಿರಾಕಿಗಳು ಆಚೆ ಸಾಲಿನ ಅಂಗಡಿಗೆ ಹೋದರು. ಮುಖದ ಮೇಲೆ ಹೇಳದೆ, ನಾನು ನೋಡುತ್ತಿದ್ದೇನೆಂದು ತಿಳಿದೂ ರಸ್ತೆ ದಾಟಿದರು. ನಾನು ಗಡ್ಡ ಮಾಡುವಾಗ ಪಕ್ಕದಲ್ಲಿ ಕೂತು ಮಗ್ಗಿ ಕಲಿತ ಹುಡುಗರೂ ಅದರಲ್ಲಿದ್ದರು. ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ, ನನಗೆ ಮಾತ್ರ ಕಾಗದದ ಕಪ್ಪು. ಅಂಗಡಿಯವನು ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನು ಕುಡಿಯದೆ ಅಲ್ಲೇ ಇಟ್ಟು, ದುಡ್ಡು ಕೊಟ್ಟು ಬಂದೆ. ಗುಳಿಗೆಯಿಂದ ಬಂದ ಹೊಟ್ಟೆತೊಳಸು, ತಲೆನೋವು ಇವೆಲ್ಲ ಒಂದೆರಡು ವಾರಕ್ಕೆ ತಗ್ಗಿದವು. ಆ ಕಾಗದದ ಕಪ್ಪು ತಗ್ಗಲಿಲ್ಲ.

ಭಾವನನ್ನು ಅವರ ಮನೆ ಕಟ್ಟೆಯ ಮೇಲೇ ಕೇಳಿದೆ. "ಹಂಗಲ್ಲಪಾ, ಜನರ ಒಳ್ಳೇದಕ್ಕ ಹೇಳಿದೆ" ಎಂದರು. ಜನರ ಒಳ್ಳೆಯದು ಇದರಲ್ಲಿ ಏನಿತ್ತು? ಇಂಥ ಮಾತಿಗೆ ಹೆದರಿಯೇ ಜನ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ತನಗಿದೆ ಎಂದು ತಿಳಿಯದವನು ಗುಳಿಗೆ ನುಂಗುವುದಿಲ್ಲ, ಅವನ ರಕ್ತದಲ್ಲಿ ವೈರಸ್ ಹೆಚ್ಚುತ್ತಲೇ ಇರುತ್ತದೆ. ನನ್ನ ಕುರ್ಚಿಯಲ್ಲಿ ಕೂತವರಲ್ಲಿ ನನಗೆ ಸ್ವಲ್ಪವಾದರೂ ಅಪಾಯ ಇರುವುದು ಅಂಥವನಿಂದ. ದಿನಾ ಗುಳಿಗೆ ನುಂಗಿ, ನನಗೆ ಸತ್ಯ ಹೇಳಿದವರಿಂದಲ್ಲ. ಈ ಒಂದು ಮಾತು ನಮ್ಮ ಊರಿಗೆ ತಿಳಿದರೆ ನನಗೆ ಬೇರೆ ಏನೂ ಬೇಡ. ಯಾರಿಗಿದೆ ಯಾರಿಗಿಲ್ಲ ಎಂದು ಮುಖ ನೋಡಿ ಹೇಳಲು ಬರುವುದಿಲ್ಲವಾದ್ದರಿಂದಲೇ ಎಲ್ಲರಿಗೂ ಹೊಸ ಬ್ಲೇಡು.

ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಪರೀಕ್ಷೆ ಆಯಿತು. ಸೋಂಕಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿದ್ದೇನೆ.

ಈಗ ಟವೆಲ್ಲಿನ ವಿಷಯ. ಎಚ್‌ಐವಿ ದಾಟುವುದು ರಕ್ತ, ವೀರ್ಯ, ಯೋನಿ ಮತ್ತು ಗುದದ್ವಾರದ ಸ್ರಾವ, ಎದೆಹಾಲು ಇವುಗಳಿಂದ. ಅಸುರಕ್ಷಿತ ಸಂಭೋಗ, ಹಂಚಿಕೊಂಡ ಸೂಜಿ, ಪರೀಕ್ಷಿಸದ ರಕ್ತ, ತಾಯಿಯಿಂದ ಮಗುವಿಗೆ. ತಾಯಿ ಬಸುರಿನಲ್ಲೇ ಗುಳಿಗೆ ಶುರುಮಾಡಿ, ಹುಟ್ಟಿದ ಮಗುವಿಗೂ ಔಷಧ ಕೊಟ್ಟರೆ ಮಗುವಿಗೆ ಸೋಂಕಾಗುವ ಸಂಭವ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಬೆವರು, ಎಂಜಲು, ಕಣ್ಣೀರಿನಿಂದ ಬರುವುದಿಲ್ಲ. ಸೊಳ್ಳೆಯಿಂದ ಬರುವುದಿಲ್ಲ, ಅದರ ಮೈಯಲ್ಲಿ ಈ ವೈರಸ್ ಬೆಳೆಯುವುದೇ ಇಲ್ಲ. ಟವೆಲ್ಲು, ಬಾಚಣಿಗೆ, ಕುರ್ಚಿ, ಬಸ್ಸಿನ ಸೀಟು, ಜಾತ್ರೆಯ ಪ್ರಸಾದ, ಒಂದೇ ಬಚ್ಚಲು, ಯಾವುದರಿಂದಲೂ ಇಲ್ಲ. ಮೈಯಿಂದ ಹೊರಬಿದ್ದ ರಕ್ತ ಒಣಗಿದರೆ ಈ ವೈರಸ್ ಬಹಳ ಹೊತ್ತು ಬಾಳುವುದಿಲ್ಲ. ಟವೆಲ್ ಒಗೆದಿರಬೇಕು, ಅದು ಶುಚಿಯ ಮಾತು, ತುರಿಕೆ ಕಜ್ಜಿಯ ಮಾತು.

ಕ್ಷೌರದಂಗಡಿಗೆ ಹೋಗುವವರು ಬ್ಲೇಡಿನ ಜೊತೆಗೆ ಇನ್ನೊಂದನ್ನು ನೋಡಿ: ಪಟಿಕದ ಕಲ್ಲು. ಒಬ್ಬರ ಹಸಿ ಗಾಯಕ್ಕೆ ತಿಕ್ಕಿದ ಕಲ್ಲನ್ನು ಇನ್ನೊಬ್ಬರ ಗಾಯಕ್ಕೆ ತಿಕ್ಕಬಾರದು. ನಾನು ಪಟಿಕ ಪುಡಿಮಾಡಿ ಹತ್ತಿಯಲ್ಲಿ ಹಚ್ಚಿ, ಹತ್ತಿ ಎಸೆಯುತ್ತೇನೆ. ಕಸುಬಿನ ಅಣ್ಣತಮ್ಮಂದಿರಿಗೆ: ಬಳಸಿದ ಬ್ಲೇಡನ್ನು ಬೆರಳಲ್ಲಿ ತೆಗೆಯಬೇಡಿ, ಚಿಮಟಿಗೆಯಲ್ಲಿ ತೆಗೆದು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹಾಕಿ. ಲಸಿಕೆ ಹಾಕಿಸಿಕೊಳ್ಳಿ. ಗಾಯವಾದರೆ ಸೋಮವಾರಕ್ಕೆ ಕಾಯಬೇಡಿ. ಯಾರಾದರೂ ಕಾಯಿ ಎಂದರೆ 'ಪಿಇಪಿ' ಎಂಬ ಮೂರಕ್ಷರ ಹೇಳಿ, ಕೊಡದಿದ್ದರೆ ಮುಂದಿನ ಆಸ್ಪತ್ರೆಗೆ ಹೋಗಿ. 1097 ಪುಕ್ಕಟೆ ಸಹಾಯವಾಣಿ, ನನ್ನ ಕನ್ನಡಿಯ ಮೂಲೆಯಲ್ಲಿ ಬರೆದಿಟ್ಟಿದ್ದೇನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದದ್ದನ್ನು ಬರೆದು ಜಿಲ್ಲೆಯ ಅಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೇನೆ. ತುರ್ತು ವಿಭಾಗದಲ್ಲಿ ಆ ಗುಳಿಗೆ ರಾತ್ರಿಯೂ ಭಾನುವಾರವೂ ಸಿಗಬೇಕು, ರೋಗಿಯ ವಿಷಯವನ್ನು ಸಾಲಿನವರಿಗೆಲ್ಲ ಕೇಳುವಂತೆ ಆಡಬಾರದು, ಎರಡೇ ಬೇಡಿಕೆ. ಸ್ವೀಕೃತಿಯ ಸೀಲು ಬಿದ್ದ ಪ್ರತಿ ನನ್ನ ಬಳಿ ಇದೆ, ಉತ್ತರ ಇನ್ನೂ ಬಂದಿಲ್ಲ.