ತಿಕ್ಕಾಯ್ತು ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ

ಗೇರುಸೊಪ್ಪದ ಕಡೆ ಹಲವು ಮನೆಗಳ ಜಗುಲಿಯಲ್ಲಿ ಇಂದಿಗೂ ಕವಳದ ತಟ್ಟೆ ಇರುತ್ತದೆ. ಅಡಿಕೆ, ಸುಣ್ಣ ಕೂಡಿದ ಕೆಂಪು ಅಜ್ಜನ ಹಲ್ಲಿನಲ್ಲಿ ಎಲ್ಲರಿಗೂ ಕಾಣುತ್ತದೆ. ಅದೇ ಜಗುಲಿಯಲ್ಲಿ ಆಡುವ ಮೊಮ್ಮಗನ ಹಲ್ಲು ನೋಡಲು ಬೆಳ್ಳಗಿದೆ. ಆದರೆ ಹುಳುಕು ಹತ್ತಿಸುವ ಕೊಳೆಗೆ ಬಣ್ಣವಿಲ್ಲ. ಮಕ್ಕಳ ಹಲ್ಲಿನ ವಿಷಯದಲ್ಲಿ ಮನೆಮನೆಯಲ್ಲೂ ನಡೆಯುವ ಜಗಳದ ಮೂಲ ಇಲ್ಲಿದೆ.

“ಹಲ್ಲು ತಿಕ್ಕಿದ್ಯಾ ತಮಾ?”

“ಆಗ್ಲೇ ತಿಕ್ಕಾಯ್ತು ಆಯಿ.”

ತಾಯಿಗೆ ನಂಬಿಕೆ ಬರುವುದಿಲ್ಲ, ಮಗನಿಗೆ ಸಿಟ್ಟು ಬರುತ್ತದೆ. ಅವನು ಬ್ರಷ್ ಹಿಡಿದದ್ದು ನಿಜ, ನೊರೆ ಬಂದದ್ದು ನಿಜ, ಬಾಯಿ ತಂಪಾದದ್ದೂ ನಿಜ. ಅವನ ಲೆಕ್ಕದಲ್ಲಿ ಕೆಲಸ ಮುಗಿದಿದೆ. ಕೊಳೆ ಉಳಿದಿದೆ ಎಂದು ಬರಿಗಣ್ಣಿನಿಂದ ತಿಳಿಯಲು ಅವನ ಬಳಿ ಸುಲಭದ ದಾರಿ ಇಲ್ಲ. ನಿಮ್ಮ ಬಳಿಯೂ ಇಲ್ಲ.

ಆ ಕೊಳೆಯನ್ನು ದಂತವೈದ್ಯರು ಪ್ಲಾಕ್ ಎನ್ನುತ್ತಾರೆ. ನಾವು ಹಲ್ಲಿನ ಪಾಚಿ ಎನ್ನಬಹುದು. ಮಳೆಗಾಲದಲ್ಲಿ ಬಾವಿಕಟ್ಟೆಯ ಕಲ್ಲಿನ ಮೇಲೆ ಜಾರು ಕೂರುತ್ತದಲ್ಲ, ಹಾಗೆ. ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ನೀರು ಹೊಯ್ದರೆ ಹೋಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. ಹಲ್ಲಿನ ಪಾಚಿಯೂ ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ. ಅದು ಬರೀ ಅನ್ನದ ಅಗುಳಲ್ಲ; ಬ್ಯಾಕ್ಟೀರಿಯಾಗಳು ತಮ್ಮದೇ ಅಂಟಿನಲ್ಲಿ ಪದರದ ಮೇಲೆ ಪದರವಾಗಿ ಕಟ್ಟಿಕೊಂಡ ಗೂಡು. ಸಕ್ಕರೆ ಸಿಕ್ಕರೆ ಅವು ಆಮ್ಲ, ಅಂದರೆ ಹುಳಿ, ಬಿಡುತ್ತವೆ. ಹಲ್ಲಿನ ಮೇಲಿನ ಹುಳಿ ಒಂದು ಮಟ್ಟ ದಾಟಿದರೆ (ಪಿಎಚ್ 5.5ಕ್ಕಿಂತ ಕೆಳಗೆ ಹೋದರೆ) ಹೊರಕವಚ ಕರಗತೊಡಗುತ್ತದೆ. ಬೆಳಗಿನ ದೋಸೆಯ ಜೋನಿಬೆಲ್ಲವೂ ಅವುಗಳ ಪಾಲಿಗೆ ಸಕ್ಕರೆಯೇ.

ಹಲ್ಲು ಕೂಡ ಪದರಗಳಿಂದಾದದ್ದು. ಹೊರಗಿನ ಗಟ್ಟಿ ಕವಚ ಎನಾಮಲ್, ಅದರೊಳಗೆ ಸ್ವಲ್ಪ ಮೆತ್ತಗಿನ ಡೆಂಟಿನ್, ನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳು. ಎನಾಮಲ್‌ನ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ. ಅದು ಜೀವವಿರುವ ಚರ್ಮದಂತಲ್ಲ, ಗುಳಿ ಬಿದ್ದ ಮೇಲೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಹಾಲುಹಲ್ಲಿನಲ್ಲಿ ಈ ಕವಚದ ದಪ್ಪ ದೊಡ್ಡವರ ಹಲ್ಲಿನ ಅರ್ಧದಷ್ಟು ಮಾತ್ರ. ಆದ್ದರಿಂದ ಹುಳುಕು ಬೇಗ ತಿರುಳಿಗೆ ಇಳಿಯುತ್ತದೆ. ಹುಳುಕು ನಮ್ಮೂರಿನ ಅಥವಾ ನಿಮ್ಮ ಮನೆಯೊಂದರ ಕೊರತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಾಗಿದೆ.

ಇನ್ನು ಹಟದ ವಿಷಯ. ಬ್ರಷ್ ಕಂಡೊಡನೆ ಬಾಯಿ ಬಿಗಿಹಿಡಿಯುವ ಮಗುವಿಗೆ ಅದರದೇ ಕಾರಣಗಳಿರುತ್ತವೆ. ದೊಡ್ಡವರ ಪೇಸ್ಟಿನ ಪುದೀನ ಅದರ ನಾಲಿಗೆಗೆ ಖಾರ. ಹಲ್ಲು ಬರುವ ಕಾಲದಲ್ಲಿ ಒಸಡು ಮುಟ್ಟಿದರೆ ನೋವು. ರಾತ್ರಿ ನಿದ್ದೆಯ ಹೊತ್ತಿನಲ್ಲಿ ಯಾವ ಕೆಲಸವೂ ಶಿಕ್ಷೆಯೇ. ಕೈಯ ಹದದ ಪ್ರಶ್ನೆಯೂ ಇದೆ: ಏಳೆಂಟು ವರ್ಷದವರೆಗೆ ಹಿಂದಿನ ದವಡೆಯ ಒಳಮೈಗೆ ಬ್ರಷ್ ತಿರುಗಿಸುವಷ್ಟು ಹಿಡಿತ ಮಕ್ಕಳ ಕೈಗೆ ಬಂದಿರುವುದಿಲ್ಲ. ಇದನ್ನೆಲ್ಲ ಸೋಮಾರಿತನ ಎಂದು ಓದಿದರೆ ಬೈಗುಳ ಹೆಚ್ಚುತ್ತದೆ, ಪಾಚಿ ಕಡಿಮೆಯಾಗುವುದಿಲ್ಲ. ನಿಮ್ಮ ಕಾಳಜಿ ಸರಿ. ಕಾಣದ್ದನ್ನು ಮಾತಿನಿಂದ ನಂಬಿಸುವ ದಾರಿ ಮಾತ್ರ ಸರಿಯಲ್ಲ. ಅದನ್ನು ತೋರಿಸಬಹುದು.

ತೋರಿಸುವ ಕೆಲಸಕ್ಕೇ ಬಣ್ಣದ ಮಾತ್ರೆಗಳಿವೆ. ಹಲವು ಮಾತ್ರೆಗಳಲ್ಲಿ ಇರುವುದು ಎರಿಥ್ರೋಸಿನ್ ಎಂಬ ಬಣ್ಣ. ಅದು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಕೆಂಪು. ನುಣ್ಣನೆಯ ಸ್ವಚ್ಛ ಎನಾಮಲ್ ಮೇಲೆ ಅದು ಹೆಚ್ಚು ನಿಲ್ಲುವುದಿಲ್ಲ, ಪಾಚಿಯ ಪದರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಂಪು ಮತ್ತು ನೀಲಿ ಎರಡೂ ಇರುವ ಮಾತ್ರೆ ಇನ್ನೂ ಹೆಚ್ಚು ಹೇಳುತ್ತದೆ. ತೆಳುವಾದ ಹೊಸ ಪಾಚಿಯಿಂದ ನೀಲಿ ತೊಳೆದುಹೋಗಿ ಕೆಂಪು ಉಳಿಯುತ್ತದೆ; ದಿನಗಟ್ಟಲೆ ದಪ್ಪಗಾದ ಪಾಚಿ ನೀಲಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀಲಿ ಕಂಡಲ್ಲಿ ಬ್ರಷ್ ಕೆಲವು ದಿನದಿಂದ ಹೋಗಿಲ್ಲ ಎಂದರ್ಥ.

ಬಣ್ಣದ ಅಣು ಬೆಳಕಿನೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ವಿಜ್ಞಾನದ ಒಂದು ಶಾಖೆ. ಫ್ಲೋರೆಸೀನ್ ಎಂಬ ಬಣ್ಣ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಅದಕ್ಕೆ ನಾಲ್ಕು ಅಯೋಡಿನ್ ಪರಮಾಣು ಸೇರಿದರೆ ಎರಿಥ್ರೋಸಿನ್. ಆಗ ಹೊಳಪು ತಗ್ಗುತ್ತದೆ, ಹೀರಿದ ಶಕ್ತಿ ಪಕ್ಕದ ಆಮ್ಲಜನಕಕ್ಕೆ ದಾಟಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 2006ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ, ಹಲ್ಲಿನ ಪಾಚಿಯಂಥ ಬ್ಯಾಕ್ಟೀರಿಯಾ ಪದರದ ಮೇಲೆ ಪ್ರಯೋಗಿಸಿ ನೋಡಿದರು. ಅಣು ಯಾವ ಪದರದಲ್ಲಿ ಕೂತಿದೆ ಎಂಬುದೂ ಮುಖ್ಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಜೇಡಿಮಣ್ಣಿನಂಥ ತೆಳು ಹಾಳೆಗಳಿಗೆ ಬಣ್ಣದ ಅಣುಗಳನ್ನು ಅಂಟಿಸಿ, ಹೀರಿದ ಬೆಳಕಿನ ಶಕ್ತಿ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುವುದನ್ನು ಅಭ್ಯಸಿಸಿದ್ದಾರೆ. ಇವೆಲ್ಲ ಪ್ರಯೋಗಾಲಯದ ಮಾತು. ಮನೆಗೆ ಬೇಕಾದದ್ದು ಬಣ್ಣ ಎಲ್ಲಿ ನಿಂತಿತು ಎಂಬುದಷ್ಟೇ.

ಮಾತ್ರೆಯನ್ನು ದಂತವೈದ್ಯರ ಸಲಹೆ ಪಡೆದೇ ತನ್ನಿ. ಚೆನ್ನಾಗಿ ಉಗುಳಲು ಬರುವ, ಸುಮಾರು ಆರು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಕೊಡಿ. ಬಣ್ಣದ ಅಲರ್ಜಿ ಇದ್ದರೆ ಬೇಡ. ರಜೆಯ ಹಿಂದಿನ ರಾತ್ರಿ ಒಳ್ಳೆಯದು, ಏಕೆಂದರೆ ತುಟಿ ನಾಲಿಗೆ ಕೆಲವು ಗಂಟೆ ಕೆಂಪಾಗಿರುತ್ತವೆ. ಹಳೆಯ ಅಂಗಿ ಹಾಕಿಸಿ, ತುಟಿಗೆ ವ್ಯಾಸಲೀನ್ ಹಚ್ಚಿ. ಮೊದಲು ಮಗು ತಾನೇ ತಿಕ್ಕಲಿ. ಆಮೇಲೆ ಮಾತ್ರೆ ಅಗಿದು ನಾಲಿಗೆಯಿಂದ ಎಲ್ಲ ಹಲ್ಲಿಗೂ ಸವರಿ, ಉಗುಳಿ, ಮುಕ್ಕಳಿಸಿ, ಕನ್ನಡಿ ನೋಡಲಿ. ನೀವು ಏನನ್ನೂ ಹೇಳಬೇಡಿ. ಎಲ್ಲಿ ಕೆಂಪಿದೆ ಎಂದು ಅದೇ ಹೇಳಲಿ, ಅದೇ ತಿಕ್ಕಿ ತೆಗೆಯಲಿ. ಸಾಧ್ಯವಾದರೆ ನೀವೂ ಒಂದು ಮಾತ್ರೆ ಅಗಿಯಿರಿ. ದೊಡ್ಡವರ ಹಲ್ಲಿನಲ್ಲೂ ಕೆಂಪು ಉಳಿಯುತ್ತದೆ ಎಂದು ಕಂಡ ಮಗುವಿಗೆ ಇದು ಪರೀಕ್ಷೆ ಎನಿಸುವುದಿಲ್ಲ. ತಿಂಗಳಿಗೊಮ್ಮೆ ಮಾಡಿದರೆ ಸಾಕು. ತಿನಿಸುಗಳಲ್ಲಿ ಎರಿಥ್ರೋಸಿನ್ ಬಳಸಲು ಇದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿದೆ. ಅದು ದಿನವೂ ನುಂಗುವುದರ ಪ್ರಶ್ನೆ; ಅಪರೂಪಕ್ಕೆ ಬಳಸಿ ಉಗುಳುವುದು ಬೇರೆ. ಆದರೂ ಉಗುಳುವ ನಿಯಮದಲ್ಲಿ ಸಡಿಲಿಕೆ ಬೇಡ.

ದಿನದ ಕ್ರಮ ಸರಳ. ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ತಿಕ್ಕಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್‌ನಿಂದ ಹಲ್ಲು ಕಂದಾದದ್ದನ್ನು ಕೇಳಿ ಕೆಲವರು ಹೆದರುತ್ತಾರೆ. ಅಲ್ಲಿನ ತೊಂದರೆ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದದ್ದರಿಂದ ಬಂದದ್ದು, ಉಗುಳುವ ಪೇಸ್ಟಿನಿಂದಲ್ಲ. ಇದ್ದಿಲು, ಇಟ್ಟಿಗೆಪುಡಿ ಬೇಡ. ಅವು ಪಾಚಿಯ ಜೊತೆ ಕವಚವನ್ನೂ ಸವೆಸುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹುಳಿ ತೊಳೆದುಹೋಗುವುದಿಲ್ಲ. ಆದ್ದರಿಂದ ರಾತ್ರಿ ತಿಕ್ಕಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಬೆಲ್ಲ, ಚಾಕೊಲೇಟ್ ಕೊಡುವುದಾದರೆ ಊಟದ ಜೊತೆಗೇ ಕೊಡಿ. ಸಿಹಿ ದಿನಕ್ಕೆ ಎಷ್ಟು ಸಲ ಬಾಯಿಗೆ ಹೋಯಿತು ಎಂಬುದೂ ಅದರ ಒಟ್ಟು ಪ್ರಮಾಣದಷ್ಟೇ ಮುಖ್ಯ. ಏಳೆಂಟು ವರ್ಷದವರೆಗೆ ಮಗು ತಿಕ್ಕಿದ ಮೇಲೆ ನೀವೊಮ್ಮೆ ತಿಕ್ಕಿ.

ನೋವಿಗಾಗಿ ಕಾಯಬೇಡಿ; ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಕಲೆ ಕಂಡರೆ ಹೊನ್ನಾವರಕ್ಕೆ ಹೋಗುವ ದಿನವೇ ದಂತವೈದ್ಯರಿಗೆ ತೋರಿಸಿ. ಆ ಹಂತದಲ್ಲಿ ಇನ್ನೂ ಗುಳಿ ಬಿದ್ದಿರುವುದಿಲ್ಲ, ತಡೆಯಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ಹಲ್ಲನ್ನೂ ನೋಡುತ್ತದೆ. ಅವರು ಬರೆದುಕೊಟ್ಟ ಚೀಟಿಯನ್ನು ಬದಿಗಿಡಬೇಡಿ.

ಕೊನೆಯದಾಗಿ ಒಂದು ಕೆಲಸ. ಮಗುವಿಗೆ ಆರು ವರ್ಷವಾಗಿದ್ದರೆ ಇಂದು ರಾತ್ರಿ ಟಾರ್ಚ್ ಹಿಡಿದು ಹಾಲುಹಲ್ಲುಗಳ ಸಾಲಿನ ಹಿಂಬದಿ ನೋಡಿ. ಯಾವ ಹಲ್ಲೂ ಬೀಳದೆಯೇ ಅಲ್ಲಿ ಒಂದು ದವಡೆ ಹಲ್ಲು ಹುಟ್ಟುತ್ತಿರಬಹುದು. ಇದೂ ಹಾಲುಹಲ್ಲು, ಬಿದ್ದು ಬರುತ್ತದೆ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಅದು ಬೀಳುವ ಹಲ್ಲಲ್ಲ. ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.